ಎರಡು ಕುಂಡಕ್ಕೆ ಒಂದು ಹಿಂಡು

ಸಂಜೆ ಬಾಗಿಲು ತೆರೆದರೆ ಕೊಟ್ಟೂರಿನ ನಮ್ಮ ಓಣಿಯ ತುಂಬಾ ಕುರಿಗಳು! ಮುಂದೆ ನಿಂತಿದ್ದ ಪರಿಚಯದ ಕುರಿಗಾಹಿ ಬೀರಪ್ಪ, "ಹೊಲ ಎಲ್ಲೈತ್ರೀ ಅಕ್ಕಾರ? ಎರಡು ಗುಂಟಿಗೆ ಯಾರೂ ಹಿಂಡು ತರಂಗಿಲ್ಲ, ನೀವು ಕೇಳೀರಂತ ಬಂದೀನಿ" ಎಂದ.

ಬೆಳಿಗ್ಗೆ ಫೋನಿನಲ್ಲಿ ನಾನು ಕೇಳಿದ್ದು ಎರಡು ಕುಂಡಕ್ಕೆ ಒಂದು ಹಿಡಿ ಕುರಿಗೊಬ್ಬರ. ಕುರಿಗಳ ಅರಚಾಟದಲ್ಲಿ ಅವನಿಗೆ ಕುಂಡ ಗುಂಟೆಯಾಗಿ, ಹಿಡಿ ಹಿಂಡಾಗಿ ಕೇಳಿಸಿತ್ತು. ಗೊಬ್ಬರಕ್ಕೆಂದು ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುವ ರೈತರ ಸಾಲಿಗೆ ನನ್ನನ್ನೂ ಸೇರಿಸಿಬಿಟ್ಟಿದ್ದ.

ಪೆಚ್ಚಾಗಿ ಒಳಗೆ ಕರೆದು, ಕಿಟಕಿಕಟ್ಟೆಯ ಮೇಲಿನ ದಾಸವಾಳದ ಎರಡು ಕುಂಡ ತೋರಿಸಿದೆ. ಬೀರಪ್ಪ ನಗಲೂ ಇಲ್ಲ. ಹೊರಗೆ ಹೋಗಿ ಒಂದು ಮರಿಯನ್ನೆತ್ತಿ ತಂದು ಕುಂಡದ ಪಕ್ಕ ನಿಲ್ಲಿಸಿ, "ಈ ಹೊಲಕ್ಕ ಇದೊಂದ ಸಾಕು ಬಿಡ್ರಿ" ಎಂದ. ಮರಿ ಗಿಡದಲ್ಲಿದ್ದ ಒಂದೇ ಹೂವನ್ನು ತಿಂದು, ಹಿಡಿಯಷ್ಟು ಹಿಕ್ಕೆ ಉದುರಿಸಿತು.

ಅದನ್ನೇ ಒಣಗಿಸಿ ಪುಡಿ ಮಾಡಿ ಹಾಕಿದೆ. ಈಗ ಕಿಟಕಿಯ ತುಂಬಾ ಹೂ. ಬೀರಪ್ಪ ಮಾತ್ರ ಸಂತೆಯಲ್ಲಿ ಸಿಕ್ಕಾಗಲೆಲ್ಲ ನಾಲ್ಕು ಜನರೆದುರು "ಹೊಲ ಹೆಂಗೈತ್ರೀ ಅಕ್ಕಾರ?" ಎಂದು ಕೂಗುತ್ತಾನೆ. ನಾನೂ ಗಂಭೀರವಾಗಿಯೇ ಹೇಳುತ್ತೇನೆ: "ಬೆಳಿ ಚಲೋ ಬಂದೈತಪ್ಪ, ನಿನ್ನ ಮರೀನ ಮಾತ್ರ ಆ ಕಡಿ ಬಿಡಬ್ಯಾಡ."