ತೊಗಲಿನ ಮೇಲಿನ ಅರಗು

ಆ ಪಿಯಾನೋ ಕೆಟ್ಟಿದ್ದು ನಿನ್ನ ಕೈಯಿಂದಲ್ಲ ಅಣ್ಣ, ನನ್ನ ಅರಗಿನಿಂದ. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಹೇಳಿಯೇಬಿಡೋಣ ಎಂದು ಎಷ್ಟೋ ಸಲ ನಿನ್ನ ಮನೆಗೆ ಬಂದು, ಕಾಫಿ ಕುಡಿದು, ಅತ್ತಿಗೆಯ ಹತ್ತಿರ ಊರ ಸುದ್ದಿಯೆಲ್ಲ ಆಡಿ ವಾಪಸಾಗಿದ್ದೇನೆ.

ಕೂಟಗಲ್ ದಾರಿಯ ತೋಟದ ಮನೆ ನೆನಪಿದೆಯಲ್ಲ. ಆ ಮನೆಯ ಅಮ್ಮನವರ ತಂದೆ ತರಿಸಿದ್ದ, ತಾನೇ ನುಡಿಯುವ ಪಿಯಾನೋ. ಪೆಡಲ್ ತುಳಿದರೆ ಅದು ಒಳಗಿನ ಗಾಳಿಯನ್ನು ಹೀರಬೇಕು, ತೂತು ತೂತಿನ ಕಾಗದದ ಸುರುಳಿ ಸರಿಯಬೇಕು, ಒಂದೊಂದು ತೂತಿಗೆ ಒಂದೊಂದು ಪುಟ್ಟ ತಿದಿ, ಆ ಗಾಳಿಚೀಲ, ಮುದುಡಿ ಸ್ವರ ಹೊರಡಿಸಬೇಕು. ಅದೋ ಬರೀ ಏದುಸಿರು ಬಿಡುತ್ತಿತ್ತು. ಚನ್ನಪಟ್ಟಣದ ಸುತ್ತಿನ ಭಜನೆಯವರ ಹಾರ್ಮೋನಿಯಂಗಳಿಗೆಲ್ಲ ನೀನೇ ವೈದ್ಯ, ನಿನ್ನನ್ನು ಕರೆಸಿದರು. ಬೊಂಬೆಗೆ ಅರಗಿನ ಬಣ್ಣ ಹಚ್ಚುವ ನನ್ನನ್ನು, ಪಿಯಾನೋದ ಮರಕ್ಕೆ ಹೊಳಪು ಕೊಡಲೆಂದು ನೀನೇ ಜೊತೆಗೆ ಕರೆದೊಯ್ದೆ.

ಅಲ್ಲಿನ ಮಧ್ಯಾಹ್ನಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ನೀನು ಊದುಬತ್ತಿ ಹಿಡಿದು ಒಂದೊಂದೇ ಕೊಳವೆಯ ಬಳಿ ಕೂರುತ್ತಿದ್ದೆ — ಹೊಗೆ ಎಲ್ಲಿ ಒಳಕ್ಕೆ ಸೆಳೆದುಹೋಗುತ್ತದೋ ಅಲ್ಲಿ ಸೋರಿಕೆ. ಒಡೆದ ರಬ್ಬರ್ ಕೊಳವೆಗಳನ್ನು ಬದಲಾಯಿಸಿದೆ, ತಿದಿಗಳ ಸವೆದ ಬಟ್ಟೆ ಕಿತ್ತು ತೆಳುವಾದ ಮೇಕೆ ತೊಗಲು ಹೊದಿಸಿದೆ. ಕಿಟಕಿಯ ಬಿಸಿಲಲ್ಲಿ ಹೊಗೆ ತೇಲುತ್ತಿತ್ತು. ಕೊನೆಗೊಂದು ದಿನ ನೀನು ತುಳಿದೆ. ಯಾರ ಬೆರಳೂ ಇಲ್ಲದೆ ಕೀಗಳು ತಾವಾಗಿ ತಗ್ಗಿ, ಎದ್ದು, ತಗ್ಗಿ... ಅಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೈ ಜುಂ ಎಂದಿತು. ಹೊಟ್ಟೆಯೂ ಉರಿಯಿತು ಅಣ್ಣ, ಅದನ್ನೂ ಹೇಳಿಬಿಡುತ್ತೇನೆ.

"ಅಮ್ಮಾರ ನೆಂಟ್ರು ಕೇಳಾಕೆ ಬರೋಗಂಟ ಯಾರೂ ಮುಟ್ಟಬ್ಯಾಡಿ, ತೊಗಲು ಒಸಿ ಪಳಗ್ಲಿ," ಎಂದು ಹೇಳಿ ನೀನು ಕೈ ತೊಳೆಯಲು ಬಾವಿಯ ಕಡೆ ಹೋದೆ. ನನ್ನ ಬಳಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಮಿಕ್ಕಿತ್ತು. ಅರಗು ಹಚ್ಚಿದ ಬೊಂಬೆಯೊಳಗೆ ನೀರು ಇಳಿಯುವುದಿಲ್ಲ — ಹಾಗಾದರೆ ಗಾಳಿಯೂ ಸೋರದು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಆ ಸೋಜಿಗದೊಳಗೆ ನನ್ನ ಕೈಯೂ ಇರಲಿ ಎಂಬ ಆಸೆ. ಕೈಗೆ ಎಟುಕಿದ ತಿದಿಗಳಿಗೆಲ್ಲ ಬಳಿದು, ಮುಂದಿನ ಹಲಗೆ ಮುಚ್ಚಿಬಿಟ್ಟೆ.

ಅರಗು ಮರಕ್ಕೆ ಸರಿ. ಮಡಚಿ ಬಿಚ್ಚುವ ತೊಗಲಿಗೆ? ಒಣಗಿದ ಅರಗು ಅದನ್ನು ಮಡಚಲು ಬಿಡದೆ ಸೆಟೆಸಿಬಿಡುತ್ತದೆ.

ನೆಂಟರೆಲ್ಲ ಕೂತಾಗ ನೀನು ತುಳಿದೆ. ನಾಲ್ಕಾರು ಸ್ವರ ಎದ್ದು, ಒಳಗೆಲ್ಲ ಅರಗು ಪಟಪಟ ಬಿರಿದ ಸದ್ದು. ಆಮೇಲೆ ಬರೀ ಉಸಿರು. ಹಲಗೆ ತೆಗೆಯಲು ಹೋದ ನಿನ್ನನ್ನು ಅಮ್ಮನವರು ತಡೆದರು. "ಸಾಕು ಬುಡಪ್ಪ, ಇನ್ನ ಮುಟ್ಟಬ್ಯಾಡ." ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು — ಆಡಲಿಲ್ಲ.

ಬರುವಾಗ ಬಸ್ಸಿನಲ್ಲಿ ನೀನು ಅಂಗೈ ನೋಡಿಕೊಂಡು ಹೇಳಿದೆ: "ನನ್ ಕೈಲಿ ಇನ್ನ ಗಾಳಿ ನಿಲ್ಲಾಕಿಲ್ಲ ಕಣಮ್ಮಿ." ಹಾರ್ಮೋನಿಯಂ ಸಾಮಾನು ಅಟ್ಟಕ್ಕೆ ಹಾಕಿ ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದೆ. ಹೊಸ ಫ್ಯಾಕ್ಟರಿಗಳಿಗೆ ಎಲ್ಲರೂ ಹೋಗುತ್ತಿದ್ದ ಕಾಲ. ನೀನೂ ಹಾಗೇ ಹೋದೆ ಎಂದು ಜನ ತಿಳಿದರು. ನನಗೆ ಮಾತ್ರ ಗೊತ್ತಿತ್ತು.

ಮೊನ್ನೆ ನಿನ್ನ ಮೊಮ್ಮಗಳು ಸೋರುವ ಹಾರ್ಮೋನಿಯಂ ತಂದು ಮುಂದಿಟ್ಟಾಗ ನೀನು ಮತ್ತೆ ಅದೇ ಮಾತಾಡಿದೆ. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ಅದೆಲ್ಲ ಆದ ಮೇಲೆ, ಮರದ ಹೊಳಪು ಮುಗಿಸಲು ಆ ಮನೆಗೆ ಒಬ್ಬಳೇ ಹೋಗಿದ್ದಾಗ ಒಂದು ತಿದಿಯನ್ನು ಬಿಚ್ಚಿ ತಂದಿದ್ದೆ, ಬೊಂಬೆಗಳ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಅರಗನ್ನೆಲ್ಲ ಒರೆಸಿದೆ. ಕೆಳಗೆ ನಿನ್ನ ತೊಗಲು ಹಾಗೇ ಇತ್ತು, ಮೆತ್ತಗೆ. ತಿದಿಯ ತೂತಿಗೆ ಬಾಯಿಟ್ಟು ಗಾಳಿ ಹೀರಿದೆ. ತಿದಿ ಮುದುಡಿತು. ನಾಲಿಗೆಯಿಂದ ತೂತು ಮುಚ್ಚಿ ಹಿಡಿದೆ — ಹಿಡಿದೇ ಇದ್ದೆ ಅಣ್ಣ, ಅದು ಬಿಚ್ಚಿಕೊಳ್ಳಲಿಲ್ಲ.

ಅದನ್ನು ತೆಗೆದುಕೊಂಡು ನಿನ್ನ ಮನೆಗೆ ಬರುತ್ತಿದ್ದೇನೆ. ಈ ಸಲ ಕಾಫಿ ಬೇಡ.