ಮಗಳ ಕೈಯ ನೀರು

ಗಂಡನ ಆಫೀಸಿನವರು ಎರಡು ವರ್ಷಕ್ಕೆ ಥಾಯ್ಲೆಂಡ್ ಎಂದಾಗ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನ ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಬೀಚ್ ಇದೆ, ಮನೆಗೆಲಸಕ್ಕೆ ಜನ ಸಿಗುತ್ತಾರೆ, ನಿನಗೇನು ಮಹಾರಾಣಿ ಎಂದರು. ಈಗ ಟೆಕ್ಸಸ್‌ಗೆ ಮರಳಿ, ಲಿಟಲ್ ಎಲ್ಮ್‌ನ ಹೊಸ ಮನೆಯಲ್ಲಿ ಕೂತು ನೆನೆಸಿಕೊಂಡರೆ, ನಾನು ಬೀಚಿಗೆ ಹೋದದ್ದು ಒಂದೇ ಸಲ. ಉಳಿದದ್ದೆಲ್ಲ ಬರೀ ಸುಸ್ತು.

ಟೆಕ್ಸಸ್ ಬೇಸಿಗೆ ಕಂಡವಳಿಗೆ ಸೆಕೆ ಹೊಸದಲ್ಲ. ಆದರೆ ಡಲ್ಲಾಸ್‌ನಲ್ಲಿ ನಾವು ಎಸಿಯಿಂದ ಕಾರಿಗೆ, ಕಾರಿನಿಂದ ಎಸಿಗೆ ಓಡುತ್ತೇವೆ, ಅಷ್ಟೆ. ಬ್ಯಾಂಕಾಕ್ ಹೊರವಲಯದ ಆ ಓಣಿಯಲ್ಲಿ ಸೆಕೆ ನಮ್ಮ ಜೊತೆಗೇ ಸಂಸಾರ ಹೂಡಿತ್ತು. ಉಪ್ಪು ನೀರೊಡೆಯುತ್ತಿತ್ತು, ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಬರೀ ತರಕಾರಿ ಎಂದು ಕೈಮುಗಿದು ಹೇಳಿ ತಂದ ಪಲ್ಯದಲ್ಲೂ ಮೀನಿನ ರಸ. ಗಂಡ ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಮಾತಿಗೆ ಸಿಗುತ್ತಿದ್ದವರು ಎದುರು ಮನೆಯ ರಿಟೈರ್ಡ್ ಟೀಚರ್ ಒಬ್ಬರೇ. ಅವರಿಗೆ ಇಂಗ್ಲಿಷ್ ಬರುತ್ತಿತ್ತು.

ಅಲ್ಲಿಗೆ ಹೋಗುವ ಕೆಲವೇ ತಿಂಗಳ ಮುಂಚೆ ಅಮ್ಮ ಕ್ಯಾರಲ್ಟನ್‌ನ ನಮ್ಮ ಮನೆಯಲ್ಲಿ ತೀರಿಕೊಂಡಿದ್ದಳು. ಕೊನೆಯ ವರ್ಷಗಳಲ್ಲಿ ಅವಳಿಗೆ ಸ್ನಾನ ಮಾಡಿಸಿದವಳು, ತುತ್ತಿಟ್ಟವಳು ನಾನು. ಅಂತ್ಯಕ್ರಿಯೆಯ ದಿನ ಪುರೋಹಿತರು ಮೈಸೂರಿನಿಂದ ಓಡಿಬಂದ ಅಣ್ಣನನ್ನು ಮುಂದೆ ಕರೆದು, ನನಗೆ ಹೇಳಿದರು: "ಮಗಳು ಸ್ವಲ್ಪ ಹಿಂದೆ ನಿಂತ್ಕೊಳ್ಳಿ." ಅಣ್ಣನ ಟವೆಲ್ ಹಿಡಿದುಕೊಂಡು ಹಿಂದೆ ನಿಂತೆ.

ಮೊದಲ ವರ್ಷದ ತಿಥಿ ಬಂತು. ಅಣ್ಣ ಫೋನ್ ಮಾಡಿ, ತಿಥಿ ತಾನು ಮೈಸೂರಿನಲ್ಲಿ ಮಾಡುತ್ತೇನೆ, ನೀನು ಸ್ನಾನ ಮಾಡಿ ದೇವರಿಗೆ ದೀಪ ಹಚ್ಚು ಸಾಕು ಎಂದ. ನಾನೂ ನೀರು ಬಿಡಲೇ ಎಂದು ಕೇಳಿದೆ. "ಹೆಣ್ಣುಮಕ್ಕಳು ಬಿಡೋ ಹಾಗಿಲ್ಲ ಕಣೇ" ಎಂದ. ಕೆಟ್ಟವನಲ್ಲ ಅವನು. ಇರುವುದನ್ನು ಹೇಳಿದ.

ಆದರೂ ಆ ದಿನ ನನ್ನ ಕೈಯಿಂದ ಅಮ್ಮನ ಹೆಸರಲ್ಲಿ ಏನಾದರೂ ಸಲ್ಲಲೇಬೇಕು ಎಂಬ ಹಟ ಹಿಡಿಯಿತು. ಬೆಳಗಾಗುತ್ತಲೇ ನಮ್ಮ ಓಣಿಗೆ ಒಬ್ಬ ವಯಸ್ಸಾದ ಭಿಕ್ಷು ಬರುತ್ತಿದ್ದರು. ಸ್ನಾನ ಮಾಡಿ, ತಟ್ಟೆಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಾಳೆಕಾಯಿ ಜೋಡಿಸಿಕೊಂಡು ಗೇಟಿನಲ್ಲಿ ನಿಂತೆ. ಸನ್ಯಾಸಿಗಳು ಕಂಡವರ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ, ಹಸಿ ಸಾಮಾನು ಕೊಡಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಭಿಕ್ಷು ನಿಂತರು, ಅಕ್ಕಿಯನ್ನು ನೋಡಿದರು, ಭಿಕ್ಷಾಪಾತ್ರೆಯ ಮುಚ್ಚಳ ಹಾಕಿ ಮುಂದೆ ನಡೆದುಬಿಟ್ಟರು.

ಅಲ್ಲೂ ಹಿಂದೆ ನಿಲ್ಲು, ಇಲ್ಲೂ ಬೇಡ. ಹಾಳಾಗಿ ಹೋಗಲಿ ಎಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಟೀಚರ್ ರಸ್ತೆ ದಾಟಿ ಬಂದು ವಿಷಯ ಕೇಳಿದರು, ತಟ್ಟೆ ನೋಡಿ ತಲೆ ಚಚ್ಚಿಕೊಂಡರು. ಭಿಕ್ಷುಗಳು ಅಡುಗೆ ಮಾಡುವಂತಿಲ್ಲ, ಹಸಿ ಅಕ್ಕಿ ತೆಗೆದುಕೊಳ್ಳುವಂತಿಲ್ಲ, ಬೇಯಿಸಿದ್ದನ್ನೇ ಕೊಡಬೇಕು, ಅದನ್ನೂ ಮಧ್ಯಾಹ್ನದೊಳಗೆ ಉಣ್ಣಬೇಕು ಎಂದರು. ಇನ್ನೂ ಹೊತ್ತಿದೆ, ಏಳು, ಒಲೆ ಹಚ್ಚು, ಭಿಕ್ಷುಗಳಿರುವ ದೇವಸ್ಥಾನಕ್ಕೇ ಹೋಗೋಣ ಎಂದು ಎಬ್ಬಿಸಿದರು.

ತಿಥಿಯ ಅಡುಗೆಯ ಕಟ್ಟುಪಾಡೆಲ್ಲ ಬದಿಗಿಟ್ಟು ನಿಂಬೆಹಣ್ಣಿನ ಚಿತ್ರಾನ್ನ ಕಲಸಿದೆ. ಟೆಕ್ಸಸ್‌ಗೆ ಬಂದ ಮೇಲೆ ಅಮ್ಮ ಅದಕ್ಕೆ ಕಾರ್ನ್ ಚಿಪ್ಸ್ ಪುಡಿ ಮಾಡಿ ಉದುರಿಸಿಕೊಂಡು ತಿನ್ನುತ್ತಿದ್ದಳು. ನಾವು ನಕ್ಕರೆ, ಹಪ್ಪಳವೇ ತಾನೇ ಎನ್ನುತ್ತಿದ್ದಳು. ಒಂದು ಪ್ಯಾಕೆಟ್ ಚಿಪ್ಸನ್ನೂ ಚೀಲಕ್ಕೆ ಹಾಕಿದೆ.

ದೇವಸ್ಥಾನದಲ್ಲಿ ಅದೇ ಭಿಕ್ಷು ಇದ್ದರು. ಹೆಂಗಸರು ಕೈಗೆ ಕೊಡುವಂತಿಲ್ಲವಾದ್ದರಿಂದ, ಅವರು ಹಾಸಿದ ಬಟ್ಟೆಯ ಮೇಲೆ ಡಬ್ಬಿ ಇಟ್ಟೆ. ತೆಗೆದುಕೊಂಡರು, ಚಿಪ್ಸನ್ನೂ. ಆಮೇಲೆ ಭಿಕ್ಷುಗಳೆಲ್ಲ ಮಂತ್ರ ಹೇಳಲು ಶುರುಮಾಡಿದರು. ಟೀಚರ್ ನನ್ನ ಮುಂದೆ ಒಂದು ಹಿತ್ತಾಳೆ ಬಟ್ಟಲಿಟ್ಟು, ನೀರು ತುಂಬಿದ ಪುಟ್ಟ ತಂಬಿಗೆಯನ್ನು ಕೈಗೆ ಕೊಟ್ಟರು. ಸತ್ತವರನ್ನು ನೆನೆದು ಬಟ್ಟಲಿಗೆ ನೀರು ಸುರಿಯಬೇಕಂತೆ, ಪುಣ್ಯ ಅವರಿಗೆ ಮುಟ್ಟುತ್ತದಂತೆ.

"ನಾನು ಸುರಿಯಬಹುದಾ?" ಎಂದು ಕೇಳಿದೆ.

ಟೀಚರ್‌ಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತಿನ್ಯಾರು? ನೀನೇ ತಾನೇ ಮಗಳು?" ಎಂದರು.

ಸುರಿದೆ. ನಿಧಾನಕ್ಕೆ, ಕೊನೆಯ ಹನಿಯವರೆಗೂ. ಬಟ್ಟಲಿನ ನೀರನ್ನು ಹೊರಗಿನ ಮರದ ಬುಡಕ್ಕೆ ಹಾಕಿ ಬಂದೆ.

ಸಂಜೆ ಅಣ್ಣ ಫೋನ್ ಮಾಡಿ ಎಲ್ಲ ಚೆನ್ನಾಗಿ ಆಯಿತು ಎಂದ. ನೀನೇನು ಮಾಡಿದೆ ಎಂದು ಕೇಳಿದ.

"ಅಮ್ಮಂಗೆ ನೀರು ಬಿಟ್ಟೆ ಅಣ್ಣ."

ಬಿಡೋ ಹಾಗಿಲ್ಲ ಎಂದು ಈ ಸಲ ಅವನು ಹೇಳಲಿಲ್ಲ. "ಊಟ ಮಾಡಿದ್ಯಾ?" ಎಂದು ಕೇಳಿದ.