ಹತ್ತು ಬ್ರೆಡ್ಡಿನ ಭಾರ

ನನ್ನ ತಮ್ಮನನ್ನು ಬೀದಿಯವರೆಲ್ಲ ಕರೆಯುವುದು ಬನ್ನು ಎಂದೇ. ಮೀಸೆ ಮೂಡುವ ಮೊದಲೇ ಬೇಕರಿಯ ಒಲೆಯ ಮುಂದೆ ನಿಂತವನು, ಕೂದಲು ನರೆತ ಮೇಲೂ ಅಲ್ಲೇ ನಿಂತಿದ್ದಾನೆ. ಸ್ನಾನ ಮಾಡಿ ಬಂದರೂ ಕಿವಿಯ ಸಂದಿಯಲ್ಲಿ ಮೈದಾ ಉಳಿದಿರುತ್ತದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಮನೆಗೇ ಬಂದೆ. ಬೇಕರಿಯ ಮೂಲೆಯಲ್ಲಿ ಕೂತು ಕೇಕಿನ ಡಬ್ಬ ಮಡಚಿ ಕೊಡುವುದು ನನ್ನ ಕೆಲಸ.

ಅವನಿಗಿದ್ದದ್ದು ಒಂದೇ ಹುಚ್ಚು, ಸೈಕಲ್ಲು. ರಜೆಯ ದಿನ ಬೆಳಿಗ್ಗೆ ಅವನೂ ಸೇರಿ ನಾಲ್ವರು ಹಳೇ ಗೆಳೆಯರು ಒಬ್ಬರ ಹಿಂದೊಬ್ಬರು ಸಾಲಾಗಿ ನೀರಿನ ಟ್ಯಾಂಕಿನ ಏರು ಹತ್ತಿ, ಆಚೆ ಇಳಿದು, ಊಟದ ಹೊತ್ತಿಗೆ ಮರಳುತ್ತಿದ್ದರು. ಈಚೆಗೆ ಏರಿನಲ್ಲಿ ಇವನು ಹಿಂದೆ ಬೀಳತೊಡಗಿದ. ಮೊದಮೊದಲು ಅವರು ಮೇಲೆ ಕಾಯುತ್ತಿದ್ದರು. ಆಮೇಲೆ, "ನೀನು ನಿಧಾನವಾಗಿ ಬಾರೋ," ಎಂದು ಹೇಳಿ ಹೋಗುವುದು ರೂಢಿಯಾಯಿತು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಪ್ರೀತಿಯೇ ಅವನನ್ನು ಒಳಗೊಳಗೆ ತಿಂದದ್ದು.

ಅಷ್ಟರಲ್ಲಿ ಅವರಲ್ಲೊಬ್ಬ, ಕನ್ನಡಕದಂಗಡಿಯವನು, ದುಬಾರಿಯ ರೇಸ್ ಸೈಕಲ್ಲು ಕೊಂಡ. ಬೆಲೆ ಕೇಳಿದಾಗ ನನ್ನ ಕೈಯಲ್ಲಿದ್ದ ಡಬ್ಬ ಅಡ್ಡಾದಿಡ್ಡಿ ಮಡಚಿಕೊಂಡಿತು. ಅದನ್ನವನು ಬೇಕರಿಗೆ ತಂದ ದಿನ ತಮ್ಮ, ಹಿಟ್ಟಿನ ಮೂಟೆ ತೂಗುವ ಕೊಕ್ಕೆಗೆ ಮೊದಲು ತನ್ನ ಹಳೇ ಸೈಕಲ್ಲನ್ನು ನೇತುಹಾಕಿದ, ಆಮೇಲೆ ಇದನ್ನು. ಮುಳ್ಳು ನೋಡಿದ್ದೇ ಕೂಗಿದ.

"ಅಕ್ಕಾ, ಹತ್ತು ಬ್ರೆಡ್ಡಿನ ತೂಕ ಕಮ್ಮಿ ಕಣೇ ಇದು! ಇಷ್ಟು ದಿನ ಹತ್ತು ಬ್ರೆಡ್ಡು ಹೊತ್ಕೊಂಡು ಏರು ಹತ್ತಿದೀನಿ. ಹಿಂದೆ ಬೀಳದೆ ಇನ್ನೇನು?"

ಊಟದ ಡಬ್ಬಿ ತಂದ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಅದೇ ಕೊಕ್ಕೆಗೆ ನೀವೂ ಒಂದ್ಸಲ ನೇತಾಡಿ ನೋಡಿ. ಇನ್ನೂ ಎಷ್ಟು ಬ್ರೆಡ್ಡು ಸಿಗತ್ತೋ," ಎಂದಳು.

ಎಲ್ಲರೂ ನಕ್ಕೆವು. ಅವನೂ ನಕ್ಕ. ಆದರೆ ಅಂದಿನಿಂದ ಕೂತಲ್ಲಿ ನಿಂತಲ್ಲಿ ಅದೇ ಜಪ. ಕೊಳ್ಳಲೋ, ಬೇಡವೋ?

"ಅಕ್ಕ, ಅಷ್ಟು ದುಡ್ಡಿಗೆ ತಕ್ಕದ್ದು ಅನ್ಸತ್ತಾ?"

"ನನ್ನ ಕೇಳ್ತೀಯಲ್ಲೋ ಮಾರಾಯ. ಅದರ ತಲೆ ಯಾವ್ದು ಬಾಲ ಯಾವ್ದು ಅಂತ್ಲೇ ನನಗೆ ಗೊತ್ತಿಲ್ಲ."

ಅವನ ಒದ್ದಾಟ ನೋಡಲಾರದೆ ಹೆಂಡತಿ, ತಾನು ಹಲ್ಲು ಕಟ್ಟಿಸಿಕೊಳ್ಳಲು ಇಟ್ಟಿದ್ದ ಹಣ ತಂದು ಮುಂದಿಟ್ಟಳು. "ನಿಮ್ಮ ಉಳಿತಾಯಕ್ಕೆ ಸೇರಿಸ್ಕೊಳ್ಳಿ. ನಾನೇನು ಕಬ್ಬಿಣ ಕಡೀಬೇಕಾ? ಮೆತ್ತಗಿನ ಬ್ರೆಡ್ಡು ತರೋ ಗಂಡ ಇದಾನೆ."

ಕನ್ನಡಕದವನೂ ಒಳ್ಳೆಯವನೇ. "ಕೊಳ್ಳೋ ಮುಂಚೆ ಓಡಿಸಿ ನೋಡು. ಈ ವಾರ ನನ್ನದು ನಿನಗೆ, ನಿನ್ನದು ನನಗೆ," ಎಂದ.

ನಮ್ಮ ಮಾಳಿಗೆಯಿಂದ ಏರಿನ ತಿರುವು ಕಾಣುತ್ತದೆ. ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು ನೋಡಿದೆ. ಸಮತಟ್ಟಿನಲ್ಲಿ ತಮ್ಮನೇ ಎಲ್ಲರಿಗಿಂತ ಮುಂದೆ! ಏರು ಶುರುವಾಯಿತು. ಒಬ್ಬ ದಾಟಿದ, ಇನ್ನೊಬ್ಬ ದಾಟಿದ. ಕೊನೆಗೆ ಕನ್ನಡಕದವನು ನಮ್ಮ ಹಳೇ ಸೈಕಲ್ಲಿನ ಮೇಲೆ ಕೂತು ದಾಟಿದ. ತಮ್ಮ ತಿರುವಿನಲ್ಲಿ ಇಳಿದು ನಿಂತುಬಿಟ್ಟ.

ಅವನು ಒಬ್ಬನೇ ಹಿಂದಿರುಗಿ ಮೆಟ್ಟಿಲ ಮೇಲೆ ಕೂತ. ನೀರು ಕೊಟ್ಟು ಪಕ್ಕದಲ್ಲಿ ಕೂತೆ.

"ನನ್ನ ಕಬ್ಬಿಣದ ಮೇಲೆ ಕೂತು ಶಿಳ್ಳೆ ಹಾಕ್ತಾ ಹೋದ ಅಕ್ಕ ಅವನು."

"ಅಷ್ಟು ವರ್ಷ ಒಲೆ ಮುಂದೆ ನಿಂತ ಕಾಲು ಕಣೋ, ವಯಸ್ಸೂ..."

ಅವನು ಕೈ ಅಡ್ಡ ಹಿಡಿದ. "ಅದನ್ನ ಹೇಳ್ಬೇಡ. ದುಡ್ಡು ಜಾಸ್ತಿ ಆಯ್ತು ಅನ್ನು. ನೀನು ಬೇಡ ಅಂದೆ ಅಂತಾನೇ ಇರ್ಲಿ. ಅವಳು ದುಡ್ಡು ಕೊಟ್ಬಿಟ್ಟಿದಾಳೆ, ನನಗೆ ಬೇರೆ ನೆಪ ಉಳಿದಿಲ್ಲ. ಅವಳಿಗೂ ಗೊತ್ತಾಗೋದು ಬೇಡ."

ಯೋಚಿಸಲು ಬಿಡುವಾದರೂ ಎಲ್ಲಿತ್ತು? ಮೂವರೂ ಬಂದಿಳಿದರು.

"ಏನೋ ಬನ್ನು, ನಾಳೆ ಅಂಗಡಿಗೆ ಹೋಗೋಣ್ವಾ?" ಎಂದ ಕನ್ನಡಕದವನು. "ಇವತ್ತು ಸೀಟು ನಿನ್ನ ಅಳತೆಗೆ ಇರ್ಲಿಲ್ಲ ಅಷ್ಟೇ." ಹೇಳುವಾಗ ತಮ್ಮನ ಮುಖ ನೋಡದೆ ಟೈರು ಒತ್ತಿ ನೋಡುತ್ತಿದ್ದ.

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. "ಹೆಂಡ್ತಿ ಹಲ್ಲಿನ ದುಡ್ಡಲ್ಲಿ ಸೈಕಲ್ಲು ಹೊಡೀತಾನಾ ಇವನು? ನಾನಿರೋವರೆಗೂ ಆಗಲ್ಲ!"

"ಬಿಡ್ರೋ," ಎಂದ ತಮ್ಮ. "ಅಕ್ಕನ ಮಾತು ಮೀರಕ್ಕಾಗಲ್ಲ."

ಒಳಗಿನಿಂದ ಅವನ ಹೆಂಡತಿ ಸೌಟು ಹಿಡಿದೇ ಬಂದಳು. "ನನ್ನ ಹಲ್ಲು, ನನ್ನ ದುಡ್ಡು. ನಿಮಗ್ಯಾಕೆ ಅತ್ತಿಗೆ ಹೊಟ್ಟೆಯುರಿ?"

ತಮ್ಮ ತಲೆ ತಗ್ಗಿಸಿದ. ನಾನು ಅವನ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದೆ.

ಎರಡು ಮೂರು ವಾರ ಹಳೇ ಸೈಕಲ್ಲಿನಲ್ಲೇ ಹೋಗಿ, ಆಮೇಲೆ ಅವನು ಸವಾರಿಗೆ ಹೋಗುವುದನ್ನೇ ಬಿಟ್ಟ. ಅವಳು ಹಲ್ಲು ಕಟ್ಟಿಸಿಕೊಂಡಿದ್ದಾಳೆ, ಚೆನ್ನಾಗಿ ಕೂತಿವೆ. ನನ್ನ ಕಡೆ ನೋಡಿ ಮಾತ್ರ ನಗುವುದಿಲ್ಲ. ರಜೆಯ ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದರೆ, "ಆ ಸೈಕಲ್ಲು ತಗೊಳ್ಳೋಕೆ ಬಿಟ್ಟಿದ್ರೆ ಹೀಗೆ ಬಿದ್ದಿರ್ತಿದ್ರಾ?" ಎನ್ನುತ್ತಾಳೆ. ಅವನಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತು. ಮಾತು ಕಿವಿಗೆ ಬಿದ್ದರೂ ಈ ಕಡೆ ತಿರುಗುವುದಿಲ್ಲ.

"ನನ್ನಿಂದಲೇ ಆಯ್ತಮ್ಮ," ಎನ್ನುತ್ತೇನೆ. ಬೇರೆ ಏನು ಹೇಳಲಿ?